ಮಕ್ಕಳೇ ರಚಿಸುವ ಹುಡುಕು ಚಿತ್ರ: ಮನೆಯ ಜಗಲಿಯಿಂದ ಅರಿವು ಕೇಂದ್ರದವರೆಗೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಚಿತ್ರವೊಂದರಲ್ಲಿ ಅಡಗಿರುವ ವಸ್ತುಗಳನ್ನು ಹುಡುಕುವ ಆಟ ಮಕ್ಕಳಿಗೆ ಹೊಸದಲ್ಲ. ಮಕ್ಕಳ ಪತ್ರಿಕೆಗಳಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಅವರು ಅದನ್ನು ಆಡುತ್ತಾರೆ. ಅಂತಹ ಚಿತ್ರವನ್ನು ಮಕ್ಕಳೇ ಮನೆಯಲ್ಲಿ ರಚಿಸುವುದರಿಂದ ಆಗುವ ಪ್ರಯೋಜನ, ಅದರ ಕ್ರಮ ಮತ್ತು ಅದಕ್ಕೆ ಗ್ರಾಮ ಪಂಚಾಯತಿಯು ನೀಡಬಹುದಾದ ನೆರವು, ಈ ಮೂರು ವಿಷಯಗಳನ್ನು ಮಾನ್ಯ ಸದಸ್ಯರ ಗಮನಕ್ಕೆ ತರುವುದು ಈ ಪಾಠದ ಉದ್ದೇಶ. ಇದಕ್ಕೆ ಬೇಕಾದ ಹಣ ಅತ್ಯಲ್ಪ. ಬೇಕಾದುದು ಒಂದಿಷ್ಟು ಕಾಗದ, ಒಂದು ಗೋಡೆ ಮತ್ತು ಹಿರಿಯರ ಗಮನ.

1. ಬೇಲೂರಿನ ನೊಣ ಮತ್ತು ಹಲ್ಲಿ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಅಲ್ಲಿನ ಮದನಿಕೆಯರ ವಿಗ್ರಹಗಳು ಒಳಗಿನ ನಾಲ್ಕೂ ಸೇರಿ ಒಟ್ಟು 42. ಬಂದವರ ಕಣ್ಣು ಮೊದಲು ಮದನಿಕೆಯ ಮುಖ, ಒಡವೆ, ಕೈಯ ಕನ್ನಡಿ ಇವುಗಳ ಮೇಲೆ ನಿಲ್ಲುತ್ತದೆ. ಅವರಲ್ಲಿ ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಒಂದು ಹಣ್ಣಿದೆ. ಹಣ್ಣಿನ ಮೇಲೆ ಒಂದು ನೊಣ ಕುಳಿತಿದೆ. ಅದರ ಸಮೀಪದಲ್ಲಿಯೇ ಒಂದು ಹಲ್ಲಿ ಹೊಂಚು ಹಾಕಿದೆ. ಯಾರಾದರೂ ತೋರಿಸುವವರೆಗೆ ಈ ಎರಡು ಜೀವಿಗಳು ಬಹುಮಂದಿಗೆ ಕಾಣುವುದಿಲ್ಲ. ಒಮ್ಮೆ ಕಂಡವರು ಅವನ್ನು ಮರೆಯುವುದಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ತಳಭಾಗದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರ, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ ಹೀಗೆ ಸಾಲಿನ ಮೇಲೆ ಸಾಲು ಏರುತ್ತ ಹೋಗುತ್ತದೆ. ದೂರದಿಂದ ಆನೆಗಳೆಲ್ಲ ಒಂದೇ ರೀತಿ ತೋರುತ್ತವೆ. ಹತ್ತಿರ ನಿಂತು ಒಂದೊಂದನ್ನೇ ನೋಡಿದಾಗ ಸೊಂಡಿಲಿನ ತಿರುವು, ಕಾಲಿನ ಹೆಜ್ಜೆ ಬೇರೆಬೇರೆಯಾಗಿ ಕಾಣುತ್ತವೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಮುಂಭಾಗದ ತೆರೆದ ಮಂಟಪ ನಕ್ಷತ್ರಾಕಾರದ್ದು. ಅದರ ಆಕಾರವನ್ನು ಅರಿಯಬೇಕಾದರೆ ಮಗುವು ಅದನ್ನು ಒಂದು ಸುತ್ತು ಬಂದು ಮೂಲೆಗಳನ್ನು ಎಣಿಸಬೇಕಾಗುತ್ತದೆ.

ಈ ಗುಡಿಗಳನ್ನು ಕೆತ್ತಿದ ಕಲ್ಲನ್ನು ಜನ ಬಳಪದ ಕಲ್ಲು ಎನ್ನುತ್ತಾರೆ. ಶಾಲೆಯ ಮಕ್ಕಳು ಸ್ಲೇಟಿನ ಮೇಲೆ ಬರೆಯುವುದೂ ಬಳಪದಿಂದಲೇ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಮೈಸೂರು ಜಿಲ್ಲೆಯ ಸೋಮನಾಥಪುರದ ದೇವಾಲಯದೊಡನೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಲೋಕದ ಜನ ದೂರದಿಂದ ಬಂದು ನೋಡುವ ಈ ಕೆತ್ತನೆಗಳ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ನಿಂತು ನೋಡುವ ಅಭ್ಯಾಸ ಇರಬೇಕಲ್ಲವೇ? ಆ ಅಭ್ಯಾಸವನ್ನು ಉಪನ್ಯಾಸದಿಂದ ಬೆಳೆಸಲಾಗದು. ಆಟದಿಂದ ಬೆಳೆಸಬಹುದು.

2. ಹುಡುಕು ಚಿತ್ರ ಎಂದರೇನು?

ಒಂದು ದೃಶ್ಯದ ಗೆರೆಗಳ ನಡುವೆ, ಆ ದೃಶ್ಯಕ್ಕೆ ಸಂಬಂಧವಿಲ್ಲದ ಕೆಲವು ವಸ್ತುಗಳ ಆಕಾರಗಳನ್ನು ಸೇರಿಸಿ, ಅವುಗಳ ಹೆಸರನ್ನು ಕೆಳಗೆ ಬರೆದು, ನೋಡುವವರಿಗೆ ಹುಡುಕಲು ಹೇಳುವ ಚಿತ್ರವನ್ನು ಈ ಪಾಠದಲ್ಲಿ ಹುಡುಕು ಚಿತ್ರ ಎಂದು ಕರೆಯಲಾಗಿದೆ. ನಮ್ಮ ಒಗಟು ಮಾತಿನಲ್ಲಿ ಮಾಡುವ ಕೆಲಸವನ್ನು ಇದು ಗೆರೆಯಲ್ಲಿ ಮಾಡುತ್ತದೆ. ಒಗಟು ಹೇಳುವವನು ವಸ್ತುವಿನ ಹೆಸರನ್ನು ಮರೆಮಾಡಿ ಗುಣವನ್ನು ಹೇಳುತ್ತಾನೆ. ಹುಡುಕು ಚಿತ್ರ ರಚಿಸುವವನು ಹೆಸರನ್ನು ಹೇಳಿ ಆಕಾರವನ್ನು ಮರೆಮಾಡುತ್ತಾನೆ.

ಅಮೆರಿಕದಲ್ಲಿ 1946ರಲ್ಲಿ ಆರಂಭವಾದ ‘ಹೈಲೈಟ್ಸ್’ ಎಂಬ ಮಕ್ಕಳ ಪತ್ರಿಕೆ ಇಂತಹ ಚಿತ್ರಗಳಿಂದ ಹೆಸರಾಗಿದೆ. ಇಂಗ್ಲೆಂಡಿನ ಚಿತ್ರಕಾರ ಮಾರ್ಟಿನ್ ಹ್ಯಾಂಡ್‌ಫರ್ಡ್ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕೆಂಪು ಬಿಳಿ ಪಟ್ಟೆಯ ಅಂಗಿ ತೊಟ್ಟ ವಾಲಿ ಎಂಬುವನನ್ನು ಜನಜಂಗುಳಿಯ ನಡುವೆ ಹುಡುಕಬೇಕು. ಆ ಪುಸ್ತಕಗಳು ಅನೇಕ ದೇಶಗಳ ಮಕ್ಕಳ ಕೈ ಸೇರಿವೆ. ಇಂತಹ ಪುಸ್ತಕಗಳನ್ನು ಕೊಂಡು ಗ್ರಂಥಾಲಯದಲ್ಲಿ ಇಡುವುದು ಒಳ್ಳೆಯದೇ. ಆದರೆ ಎಲ್ಲವನ್ನೂ ಹುಡುಕಿ ಮುಗಿಸಿದ ಪುಸ್ತಕವನ್ನು ಮಗು ಮತ್ತೆ ಅಷ್ಟಾಗಿ ತೆರೆಯುವುದಿಲ್ಲ. ತಾನೇ ರಚಿಸಲು ಕಲಿತ ಮಗುವಿಗೆ ಆಟ ಮುಗಿಯುವುದೇ ಇಲ್ಲ.

3. ಹುಡುಕುವುದಕ್ಕಿಂತ ಅಡಗಿಸುವುದರಲ್ಲಿ ಹೆಚ್ಚು ಕಲಿಕೆ

ಹುಡುಕುವ ಮಗು ತಾಳ್ಮೆಯನ್ನು ಕಲಿಯುತ್ತದೆ. ಅಡಗಿಸುವ ಮಗು ಅದರೊಡನೆ ಇನ್ನೂ ನಾಲ್ಕು ವಿಷಯಗಳನ್ನು ಕಲಿಯುತ್ತದೆ.

(ಅ) ಆಕಾರದ ಅರಿವು: ಕುಡುಗೋಲನ್ನು ಎಲ್ಲಿ ಅಡಗಿಸಬೇಕು ಎಂದು ಯೋಚಿಸುವ ಮಗು ಅದರಂತೆಯೇ ಬಾಗಿದ ಇನ್ನೊಂದು ಗೆರೆಯನ್ನು ಸುತ್ತಲೂ ಅರಸುತ್ತದೆ. ತೆಂಗಿನ ಗರಿಯ ಬಾಗು ಅದಕ್ಕೆ ಹೊಳೆಯುತ್ತದೆ. ವೃತ್ತ, ತ್ರಿಕೋನ, ಸಮಾನಾಂತರ ರೇಖೆ ಎಂಬ ಮಾತುಗಳು ಪುಸ್ತಕದಲ್ಲಿ ಬರುವ ಮೊದಲೇ ಅವುಗಳ ಅನುಭವ ಕೈಗೆ ಬಂದಿರುತ್ತದೆ.

(ಆ) ಇನ್ನೊಬ್ಬರ ಕಣ್ಣಿನಿಂದ ನೋಡುವುದು: ತನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿಲ್ಲ, ಅವರು ಮೊದಲು ಎಲ್ಲಿ ನೋಡುತ್ತಾರೆ ಎಂದು ಊಹಿಸದೆ ಯಾವ ವಸ್ತುವನ್ನೂ ಅಡಗಿಸಲಾಗದು. ಇನ್ನೊಬ್ಬರ ನೆಲೆಯಲ್ಲಿ ನಿಂತು ಯೋಚಿಸುವ ಈ ಗುಣ ಮುಂದೆ ಸಭೆಯಲ್ಲಿ, ಸಂಸಾರದಲ್ಲಿ, ವ್ಯಾಪಾರದಲ್ಲಿ ಎಲ್ಲೆಡೆ ಬೇಕಾಗುವಂತಹುದು.

(ಇ) ಓದು ಬರಹ: ವಸ್ತುಗಳ ಪಟ್ಟಿಯನ್ನು ಬರೆಯದೆ ಚಿತ್ರ ಪೂರ್ಣವಾಗುವುದಿಲ್ಲ. ‘ಬಾಚಣಿಗೆ’ ಎಂಬ ಪದವನ್ನು ತಪ್ಪಿಲ್ಲದೆ ಬರೆಯಬೇಕೆಂಬ ಆಸೆ ಇಲ್ಲಿ ಶಿಕ್ಷಕರ ಒತ್ತಾಯದಿಂದ ಹುಟ್ಟುವುದಲ್ಲ. ಪಟ್ಟಿ ತಪ್ಪಾದರೆ ಆಟವೇ ಕೆಡುತ್ತದೆ.

(ಈ) ನ್ಯಾಯ: ವಸ್ತುವನ್ನು ಪೂರ್ಣವಾಗಿ ಬರೆದಿರಬೇಕು. ಪಟ್ಟಿಯಲ್ಲಿರುವುದು ಚಿತ್ರದಲ್ಲಿ ಇರಲೇಬೇಕು. ಕಷ್ಟವಾಗಬಹುದು, ಮೋಸವಾಗಬಾರದು. ಈ ನಿಯಮವನ್ನು ಮಕ್ಕಳು ಬೇಗನೆ ಒಪ್ಪುತ್ತಾರೆ. ಮುರಿದವರನ್ನು ತಾವೇ ಪ್ರಶ್ನಿಸುತ್ತಾರೆ.

ಗೆರೆಗಳ ಗುಂಪಿನಲ್ಲಿ ಸರಳ ಆಕಾರವೊಂದು ಹೇಗೆ ಮರೆಯಾಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಗಾಟ್‌ಶಾಲ್ಟ್ 1926ರಲ್ಲಿಯೇ ಪ್ರಯೋಗಗಳ ಮೂಲಕ ಪರಿಶೀಲಿಸಿದ್ದನು. ಪರಿಚಿತ ಆಕಾರವೂ ದೊಡ್ಡ ಆಕಾರದ ಭಾಗವಾದಾಗ ಕಣ್ಣಿಗೆ ಬೀಳುವುದಿಲ್ಲ. ಊಸರವಳ್ಳಿ ಬೇಲಿಯಲ್ಲಿ ಬದುಕುಳಿಯುವುದೂ ಕಡ್ಡಿಹುಳು ಹಕ್ಕಿಯ ಕಣ್ಣು ತಪ್ಪಿಸುವುದೂ ಇಂತಹ ಮರೆಯಿಂದಲೇ. ಆದ್ದರಿಂದ ಈ ಆಟ ಚಿತ್ರಕಲೆಯ ಪಾಠವಷ್ಟೇ ಅಲ್ಲ, ವಿಜ್ಞಾನದ ಪಾಠವೂ ಹೌದು.

4. ಮನೆಯಲ್ಲಿ ರಚಿಸುವ ಕ್ರಮ

ಬೇಕಾಗುವ ಸಾಮಗ್ರಿ: ಒಂದು ಬದಿ ಖಾಲಿ ಇರುವ ಯಾವುದೇ ಕಾಗದ (ಹಳೆಯ ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ಹಿಂಬದಿ), ಒಂದು ಪೆನ್ಸಿಲ್, ಒಂದು ರಬ್ಬರ್, ಒಂದು ಕಪ್ಪು ಪೆನ್ನು.

ಮೊದಲ ಹಂತ: ಮಗುವು ತನಗೆ ಚೆನ್ನಾಗಿ ಗೊತ್ತಿರುವ ಒಂದು ದೃಶ್ಯವನ್ನು ಆರಿಸಿಕೊಳ್ಳಲಿ. ಅರಸೀಕೆರೆ ತಾಲ್ಲೂಕಿನಲ್ಲಿ ತೆಂಗಿನ ತೋಟ, ಕೊಬ್ಬರಿಯ ರಾಶಿ, ರೈಲು ನಿಲ್ದಾಣ; ಬೇಲೂರಿನ ಕಡೆ ಕಾಫಿ ತೋಟ, ಯಗಚಿ ಹೊಳೆಯ ದಂಡೆ; ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆ ಏರಿ, ಸಂತೆ. ಗೆರೆಗಳು ಹೆಚ್ಚಿರುವ ದೃಶ್ಯ ಉತ್ತಮ. ಬರಿ ಆಕಾಶ, ಬರಿ ಬಯಲು ಇರುವ ಚಿತ್ರದಲ್ಲಿ ಏನೂ ಅಡಗುವುದಿಲ್ಲ.

ಎರಡನೆಯ ಹಂತ: ಮನೆಯಲ್ಲಿರುವ ಐದು ವಸ್ತುಗಳನ್ನು ಆರಿಸಿ, ಎದುರಿಗಿಟ್ಟುಕೊಂಡು, ಒಂದೊಂದನ್ನೂ ಬೇರೆ ಹಾಳೆಯಲ್ಲಿ ಬರೆಯಲಿ. ನೋಡಿ ಬರೆಯುವುದು ಮುಖ್ಯ. ನೆನಪಿನಿಂದ ಬರೆದ ಸೌಟಿಗೂ ಕಣ್ಣೆದುರಿನ ಸೌಟಿಗೂ ಇರುವ ವ್ಯತ್ಯಾಸ ಮಗುವಿಗೆ ಆಗಲೇ ತಿಳಿಯುತ್ತದೆ.

ಮೂರನೆಯ ಹಂತ: ದೊಡ್ಡ ಹಾಳೆಯಲ್ಲಿ ಆ ಐದು ವಸ್ತುಗಳನ್ನು ಮೊದಲು ತೆಳುವಾಗಿ, ಬೇರೆಬೇರೆ ಮೂಲೆಗಳಲ್ಲಿ ಬರೆಯಲಿ. ಅನಂತರ ಅವುಗಳ ಸುತ್ತ ದೃಶ್ಯವನ್ನು ಕಟ್ಟಲಿ. ದೃಶ್ಯವನ್ನು ಮೊದಲು ಬರೆದು ವಸ್ತುಗಳನ್ನು ಆಮೇಲೆ ತುರುಕಿದರೆ ಅವು ಎದ್ದು ಕಾಣುತ್ತವೆ. ಗರಿಯ ಬಾಗಿನಲ್ಲಿ ಕುಡುಗೋಲು, ಬೇಲಿಯ ಕಡ್ಡಿಗಳ ನಡುವೆ ಬಾಚಣಿಗೆ, ಮರದ ಕೊಂಬೆಯಲ್ಲಿ ಸೌಟು, ಹಸುವಿನ ಮೈಯ ಮಚ್ಚೆಯಲ್ಲಿ ಮೀನು, ಕಾಯಿಯ ರಾಶಿಯಲ್ಲಿ ಚೆಂಡು ಹೀಗೆ ಒಂದೊಂದಕ್ಕೂ ಅದರಂತಹ ಗೆರೆಯ ನೆರೆ ಸಿಗಬೇಕು.

ನಾಲ್ಕನೆಯ ಹಂತ: ಎಲ್ಲ ಗೆರೆಗಳನ್ನೂ ಒಂದೇ ದಪ್ಪದಲ್ಲಿ ಪೆನ್ನಿನಿಂದ ತಿದ್ದಿ, ಪೆನ್ಸಿಲಿನ ಗುರುತನ್ನು ಅಳಿಸಬೇಕು. ಅಡಗಿದ ವಸ್ತುವಿನ ಗೆರೆ ಮಾತ್ರ ದಪ್ಪವಾದರೆ ಗುಟ್ಟು ರಟ್ಟಾಗುತ್ತದೆ.

ಐದನೆಯ ಹಂತ: ಚಿತ್ರದ ಕೆಳಗೆ ವಸ್ತುಗಳ ಪಟ್ಟಿ, ಬೇರೆ ಚೀಟಿಯಲ್ಲಿ ಉತ್ತರ.

ಆರನೆಯ ಹಂತ: ಮನೆಯವರೊಬ್ಬರಿಗೆ ಕೊಟ್ಟು ಸುಮ್ಮನೆ ನೋಡುತ್ತಿರಬೇಕು. ಒಂದೇ ನಿಮಿಷದಲ್ಲಿ ಐದೂ ಸಿಕ್ಕಿದರೆ ಚಿತ್ರ ತೀರ ಸುಲಭವಾಯಿತು. ಬಹಳ ಹೊತ್ತಾದರೂ ಒಂದೂ ಸಿಗದಿದ್ದರೆ ವಸ್ತುವಿನ ಗುರುತು ಸಾಲದಾಯಿತು. ಎರಡೂ ಸಂದರ್ಭಗಳಲ್ಲಿ ಮಗುವು ಚಿತ್ರವನ್ನು ತಿದ್ದಲಿ. ಆ ಕೆಲಸವನ್ನು ಹಿರಿಯರು ಮಾಡಬಾರದು.

ಏಳನೆಯ ಹಂತ: ಚಿತ್ರದ ಮೂಲೆಯಲ್ಲಿ ಮಗುವು ತನ್ನ ಹೆಸರನ್ನು ಬರೆಯಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದ್ದರಿಂದಲೇ ಒಂಬತ್ತು ಶತಮಾನಗಳ ನಂತರವೂ ಅವರು ಯಾರೆಂಬುದು ತಿಳಿಯುತ್ತದೆ. ಮಾಡಿದ ಕೆಲಸಕ್ಕೆ ಹೆಸರು ಹಾಕುವ ಹಕ್ಕು ಮಗುವಿಗೂ ಇದೆ.

5. ಬರೆಯಲಾಗದ ಮಕ್ಕಳನ್ನು ಹೊರಗಿಡಬಾರದು

ಚಿತ್ರ ಬರೆಯಲು ಬಾರದು ಎಂದು ಹಿಂಜರಿಯುವ ಮಕ್ಕಳು ಹಳೆಯ ದಿನಪತ್ರಿಕೆ, ಕ್ಯಾಲೆಂಡರುಗಳ ಚಿತ್ರಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಹುಡುಕು ಚಿತ್ರ ಮಾಡಬಹುದು. ಮೈದಾ ಹಿಟ್ಟಿನ ಅಂಟು ಸಾಕು. ಇನ್ನೂ ಚಿಕ್ಕವರು ಚಾಪೆಯ ಮೇಲೆ ಮನೆಯ ಇಪ್ಪತ್ತು ಸಾಮಾನುಗಳನ್ನು ಒತ್ತೊತ್ತಾಗಿ ಜೋಡಿಸಿ, ಅವುಗಳ ನಡುವೆ ಒಂದು ಗುಂಡಿ, ಒಂದು ಕೀಲಿಕೈ, ಒಂದು ಬಳೆಯನ್ನು ಮರೆಮಾಡಬಹುದು.

ದೃಷ್ಟಿದೋಷವಿರುವ ಮಕ್ಕಳಿಗೆ ಮೊರದಲ್ಲಿ ರಾಗಿ ಅಥವಾ ಹುರುಳಿಯನ್ನು ಹರಡಿ, ಅದರೊಳಗೆ ಅಡಗಿಸಿದ ವಸ್ತುಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸುವ ಆಟವನ್ನು ಏರ್ಪಡಿಸಬಹುದು. ಇಲ್ಲಿ ಕಣ್ಣಿರುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಿದಾಗ ಎಲ್ಲರೂ ಸಮಾನರಾಗುತ್ತಾರೆ. ಬಹುಶಃ ದೃಷ್ಟಿದೋಷವಿರುವ ಮಗುವೇ ಗೆಲ್ಲುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಗುಂಡಿ, ಕಾಳು, ನಾಣ್ಯಗಳನ್ನು ಯಾವ ಕಾರಣಕ್ಕೂ ಕೊಡತಕ್ಕದ್ದಲ್ಲ. ಅವು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

6. ಅಜ್ಜಿಯೂ ಆಡಬಲ್ಲ ಆಟ

ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಮಗುವಿನ ಪಾಠದಲ್ಲಿ ಅವರು ದೂರದಲ್ಲಿಯೇ ಉಳಿಯುತ್ತಾರೆ. ಪಾಠ ಪುಸ್ತಕ ತೆರೆದಾಗ ಅವರು ಎದ್ದು ಹೋಗುವುದೂ ಉಂಟು. ಹುಡುಕು ಚಿತ್ರದ ಮುಂದೆ ಆ ಅಂತರವಿಲ್ಲ. ಪಟ್ಟಿಯನ್ನು ಮೊಮ್ಮಗಳು ಓದುತ್ತಾಳೆ, ಅಜ್ಜಿ ಹುಡುಕುತ್ತಾಳೆ. “ಅಜ್ಜಿ, ಕುಡ್ಲು ಎಲ್ಲೈತೆ ಹೇಳು” ಎಂದಾಗ ಕುಡುಗೋಲನ್ನು ಜೀವಮಾನವೆಲ್ಲ ಕೈಯಲ್ಲಿ ಹಿಡಿದ ಅಜ್ಜಿ ಅದನ್ನು ತೋರಿಸುವುದಷ್ಟೇ ಅಲ್ಲ, ಹಿಡಿ ಸರಿಯಾಗಿ ಬರೆದಿಲ್ಲವೆಂದು ತಿದ್ದಿಯೂ ಬಿಡಬಹುದು. ಮಗುವಿಗೆ ಅಕ್ಷರದ ಅರಿವು, ಅಜ್ಜಿಗೆ ವಸ್ತುವಿನ ಅರಿವು. ಎರಡೂ ಸೇರದೆ ಆಟ ಪೂರ್ಣವಾಗದು.

ಇದರ ಇನ್ನೊಂದು ಲಾಭವೂ ಗಮನಾರ್ಹ. ಒನಕೆ, ಸೇರು, ಬಳ್ಳ, ಕೊಳಗ, ಗೊರಗ ಮುಂತಾದ ವಸ್ತುಗಳು ಮನೆಗಳಿಂದ ಮರೆಯಾಗುತ್ತಿವೆ. ವಸ್ತು ಹೋದ ಮೇಲೆ ಅದರ ಹೆಸರೂ ಹೋಗುತ್ತದೆ. ಅಟ್ಟದಿಂದ ಇಳಿಸಿ, ನೋಡಿ ಬರೆದು, ಪಟ್ಟಿಯಲ್ಲಿ ಹೆಸರು ಸೇರಿಸಿದ ಮಗುವಿನ ಬಾಯಲ್ಲಿ ಆ ಪದ ಇನ್ನೊಂದು ತಲೆಮಾರು ಉಳಿಯುತ್ತದೆ.

7. ಗ್ರಾಮ ಪಂಚಾಯತಿ ಏನು ಮಾಡಬಹುದು?

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗುತ್ತಿದೆ. ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಸದಸ್ಯತ್ವದ ಸಂಖ್ಯೆಯನ್ನು ಸಭೆಯಲ್ಲಿ ಕೇಳುವುದರ ಜೊತೆಗೆ, ಸದಸ್ಯರಾದ ಮಕ್ಕಳು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನೂ ಕೇಳುವುದು ಸೂಕ್ತ. ಬರುವಂತೆ ಮಾಡಲು ಹುಡುಕು ಚಿತ್ರ ಒಂದು ಸುಲಭ ದಾರಿ.

(ಅ) ಅರಿವು ಕೇಂದ್ರದ ಒಂದು ಗೋಡೆಯನ್ನು, ಮಗುವಿನ ಕಣ್ಣಿನ ಎತ್ತರದಲ್ಲಿ, ಮಕ್ಕಳ ಚಿತ್ರಗಳಿಗೆ ಮೀಸಲಿಡುವುದು.

(ಆ) ಕಚೇರಿಯಲ್ಲಿ ಒಂದು ಬದಿ ಮಾತ್ರ ಬಳಕೆಯಾದ ಕಾಗದವನ್ನು ತಿಂಗಳಿಗೊಮ್ಮೆ ಅರಿವು ಕೇಂದ್ರಕ್ಕೆ ತಲುಪಿಸುವುದು. ಜನರ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳಿರುವ ಕಾಗದವನ್ನು ಮಾತ್ರ ಯಾವ ಕಾರಣಕ್ಕೂ ಕೊಡಬಾರದು.

(ಇ) ಮಕ್ಕಳು ಮನೆಯಲ್ಲಿ ರಚಿಸಿ ತಂದ ಚಿತ್ರಗಳನ್ನು ಹದಿನೈದು ದಿನಗಳಿಗೊಮ್ಮೆ ಬದಲಾಯಿಸುವುದು. ವರ್ಷಾಂತ್ಯಕ್ಕೆ ಅವುಗಳನ್ನು ಹೊಲಿದು ಒಂದು ಪುಸ್ತಕ ಮಾಡಿ, ನಮೂದಿಸಿ, ಇತರ ಪುಸ್ತಕಗಳ ಸಾಲಿನಲ್ಲಿಯೇ ಇಡುವುದು. ತನ್ನ ಚಿತ್ರವಿರುವ ಪುಸ್ತಕವನ್ನು ನೋಡಲು ಬಂದ ಮಗು ಪಕ್ಕದ ಪುಸ್ತಕವನ್ನೂ ತೆರೆಯುತ್ತದೆ.

(ಈ) ಬಹುಮಾನಕ್ಕೆ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬ ವಿಂಗಡಣೆ ಮಾಡದಿರುವುದು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕುಳಿತು ಹುಡುಕುವುದೇ ಬಹುಮಾನ.

(ಉ) ತೋಟದ ಲೈನ್ ಮನೆಗಳಲ್ಲಿರುವ, ಕೆಲಸಕ್ಕಾಗಿ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳನ್ನು ಕರೆತರುವುದು. ಕನ್ನಡ ಬಾರದ ಮಗುವೂ ಮೊದಲ ದಿನವೇ ಈ ಆಟಕ್ಕೆ ಸೇರಬಲ್ಲದು. ಪಟ್ಟಿಯ ಮೂಲಕ ಕನ್ನಡದ ಹೆಸರುಗಳು ಅದಕ್ಕೆ ತಾವಾಗಿ ಬರುತ್ತವೆ.

8. ಊರಿನಲ್ಲಿ ಅಡಗಿರುವುದು

ಪ್ರತಿ ವರ್ಷ ನಡೆಸಬೇಕಾದ ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಎದ್ದು ಮಾತನಾಡಲು ಅಂಜುವುದನ್ನು ಸದಸ್ಯರು ಕಂಡಿರಬಹುದು. ಮಾತನಾಡಲು ಅಂಜುವ ಮಗು ಚಿತ್ರ ಬರೆಯಲು ಅಂಜುವುದಿಲ್ಲ. ಸಭೆಗೆ ಎರಡು ವಾರ ಮೊದಲು “ನಮ್ಮ ಬೀದಿ: ಐದು ತೊಂದರೆಗಳನ್ನು ಹುಡುಕಿ” ಎಂಬ ವಿಷಯ ಕೊಟ್ಟರೆ, ಮುಚ್ಚಳವಿಲ್ಲದ ಚರಂಡಿ, ಉರಿಯದ ದೀಪ, ಸೋರುವ ನಲ್ಲಿ, ಶಾಲೆಯ ದಾರಿಯಲ್ಲಿ ನೇತಾಡುವ ತಂತಿ, ಚಿಲಕವಿಲ್ಲದ ಶೌಚಾಲಯದ ಬಾಗಿಲು ಹಾಳೆಯ ಮೇಲೆ ಬರುತ್ತವೆ. ಹಿರಿಯರು ದಿನವೂ ದಾಟಿ ಹೋಗುವ, ಆದರೆ ನೋಡದಿರುವ ಸಂಗತಿಗಳು ಇವು. ಇಲ್ಲಿ ವಸ್ತುವನ್ನು ಅಡಗಿಸಿದವರು ಮಕ್ಕಳಲ್ಲ. ನಮ್ಮ ರೂಢಿಯೇ ಅದನ್ನು ಅಡಗಿಸಿದೆ.

ಚಿತ್ರವನ್ನು ಸಭೆಯಲ್ಲಿ ಪ್ರದರ್ಶಿಸಿ ಚಪ್ಪಾಳೆ ತಟ್ಟಿದರೆ ಸಾಲದು. ಪ್ರತಿಯೊಂದು ಅಂಶವನ್ನೂ ನಡಾವಳಿಯಲ್ಲಿ ದಾಖಲಿಸಿ, ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಮಕ್ಕಳಿಗೆ ತಿಳಿಸತಕ್ಕದ್ದು. ದೀಪ ಸರಿಯಾದ ದಿನ ಅದೇ ಚಿತ್ರದಲ್ಲಿ ಆ ದೀಪಕ್ಕೆ ಮಗುವಿನ ಕೈಯಿಂದಲೇ ಹಳದಿ ಬಣ್ಣ ಹಾಕಿಸಬಹುದು. ಬಣ್ಣ ಬೀಳದ ಚಿತ್ರ ಗೋಡೆಯ ಮೇಲೆ ಉಳಿದರೆ ಅದು ಪಂಚಾಯತಿಗೆ ಮೌನವಾದ ನೆನಪೋಲೆ.

9. ಎಚ್ಚರಿಕೆಯ ಅಂಶಗಳು

• ಮಗುವು ಮನೆಯೊಳಗಿನ ನೋವು, ಹೊಡೆತ, ಭಯವನ್ನು ಚಿತ್ರದಲ್ಲಿ ತೋರಿಸಿದರೆ ಅದನ್ನು ಗೋಡೆಗೆ ಹಾಕಬಾರದು, ಸಭೆಯಲ್ಲಿ ಚರ್ಚಿಸಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ರಕ್ಷಣಾ ಘಟಕಕ್ಕೆ ಗೌಪ್ಯವಾಗಿ ತಿಳಿಸುವುದು.

• ದೇವಾಲಯಗಳಲ್ಲಿ ಮಕ್ಕಳು ನೋಡಿ ಬರೆಯಲಿ. ಕೆತ್ತನೆಯ ಮೇಲೆ ಕಾಗದವಿಟ್ಟು ಉಜ್ಜುವುದು, ಬಳಪ ಅಥವಾ ಸೀಮೆಸುಣ್ಣದಿಂದ ಗುರುತು ಮಾಡುವುದು ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಒಂದು ವಿಗ್ರಹವನ್ನು ಅರ್ಧ ಗಂಟೆ ಕುಳಿತು ನೋಡಿ ಬರೆದ ಮಗು ಅದರ ಮೇಲೆ ತನ್ನ ಹೆಸರನ್ನು ಗೀಚುವುದಿಲ್ಲ.

• ಇದನ್ನು ಮನೆಕೆಲಸವನ್ನಾಗಿ ಮಾಡಬಾರದು. ಅಂಕ, ಹಾಜರಿ, ದಂಡನೆ ಸೇರಿದ ಕೂಡಲೇ ಆಟ ಸಾಯುತ್ತದೆ. ಆಟವಾಡುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತವು 1992ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿದೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನ ಎಷ್ಟು ಮಕ್ಕಳು ಕಳೆದ ತಿಂಗಳು ಅರಿವು ಕೇಂದ್ರಕ್ಕೆ ಬಂದಿದ್ದಾರೆ? ಬಾರದವರು ಯಾರು, ಏಕೆ?

2. ಅರಿವು ಕೇಂದ್ರದಲ್ಲಿ ಮಗುವಿನ ಕಣ್ಣಿನ ಎತ್ತರದಲ್ಲಿ ಈಗ ಏನಿದೆ?

3. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹೇಳಿದ ಅಂಶಗಳಲ್ಲಿ ಎಷ್ಟಕ್ಕೆ ಉತ್ತರ ದೊರೆತಿದೆ?

4. ಮುಂದಿನ ಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯ ಅಥವಾ ನೆರೆಮನೆಯ ಮಗುವಿನೊಡನೆ ಕುಳಿತು ಒಂದು ಹುಡುಕು ಚಿತ್ರವನ್ನು ಬರೆಯಿಸಿ ತರಬಹುದು. ಸಭೆಯಲ್ಲಿ ಚಿತ್ರಗಳನ್ನು ಪರಸ್ಪರ ಬದಲಾಯಿಸಿಕೊಂಡು ಹುಡುಕಲಿ. ಎಷ್ಟು ಸದಸ್ಯರಿಗೆ ಐದೂ ವಸ್ತುಗಳು ಸಿಕ್ಕಿದವು ಎಂಬುದನ್ನು ಆ ಮಕ್ಕಳಿಗೆ ತಪ್ಪದೆ ತಿಳಿಸುವುದು.